ಮರಿಗೆ ಮಾತು ಕೊಡುವವರು ಯಾರು?

ರಾಣೆಬೆನ್ನೂರು, ಕುರಿ ತರುಬಿದ ಹೊಲ

ಸಂಜೆ ಹಿಂಡು ಮೇದು ಮರಳಿದೊಡನೆ, ದಿನವಿಡೀ ಬಲೆಯೊಳಗಿದ್ದ ಮರಿಗಳನ್ನು ಬಿಡುತ್ತಾರೆ. ತಾಯಂದಿರೂ ಮರಿಗಳೂ ಒಮ್ಮೆಲೇ ಕೂಗುತ್ತವೆ. ನನ್ನ ಕಿವಿಗೆ ಎಲ್ಲವೂ ಒಂದೇ ‘ಮ್ಯಾ’. ತುಸು ಹೊತ್ತಿನಲ್ಲಿ ಒಂದೊಂದು ಮರಿಯೂ ತನ್ನ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿರುತ್ತದೆ.

“ಹೆಂಗ ಗುರುತ ಹಿಡಿತಾವ, ಅಜ್ಜಾರ?”

“ತಾಯಿ ಮೊದಲ ಮೂಸಿ ನೋಡತೈತ್ರಿ. ದನಿ ಆಮ್ಯಾಲ. ಒಂದೆರಡ ದಿನದಾಗ ಎರಡೂ ಕಲತ ಬಿಡತಾವ.”

ಕುರಿಗಳ ಮೇಲಿನ ಪ್ರಯೋಗಗಳೂ ಇದನ್ನೇ ಹೇಳುತ್ತವೆ. ಈದ ಒಂದೆರಡು ತಾಸಿನಲ್ಲಿ ತಾಯಿಗೆ ಮರಿಯ ವಾಸನೆ ನಾಟುತ್ತದೆ. ಒಂದೆರಡು ದಿನದಲ್ಲಿ ಪರಸ್ಪರರ ದನಿ ಗೊತ್ತಾಗುತ್ತದೆ. ಕೂಗುವುದನ್ನು ಮರಿಗೆ ಯಾರೂ ಹೇಳಿಕೊಡಲಿಲ್ಲ. ಯಾವ ಕೂಗು ಯಾರದು ಎಂಬುದನ್ನು ಮಾತ್ರ ಅದು ಕಲಿಯಬೇಕಾಯಿತು. ಹಾಗಾದರೆ ಮೊದಲು ಕಲಿಯುವುದು ಕಿವಿಯೋ, ಗಂಟಲೋ?

ಅದೇ ಹಿಂಡಿನ ಆಡುಗಳು

ಗಂಟಲೂ ಕಲಿಯುತ್ತದೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಎಲೋಡಿ ಬ್ರೀಫರ್ ಮತ್ತು ಅಲನ್ ಮ್ಯಾಕೆಲಿಗಟ್ 2012ರಲ್ಲಿ ಆಡಿನ ಮರಿಗಳ ಕೂಗನ್ನು ಒಂದು ವಾರ ಹಾಗೂ ಐದು ವಾರದ ವಯಸ್ಸಿನಲ್ಲಿ ಹೋಲಿಸಿ ನೋಡಿದರು. ಒಡಹುಟ್ಟಿದವುಗಳ ದನಿ ಒಂದನ್ನೊಂದು ಹೋಲುತ್ತಿತ್ತು. ಅದು ರಕ್ತದ ಗುಣ. ಆದರೆ ಒಂದೇ ಗುಂಪಿನಲ್ಲಿ ಆಡಿ ಬೆಳೆದ ಮರಿಗಳ ದನಿಯೂ ಬೆಳೆಯುತ್ತಾ ಒಂದರ ಹತ್ತಿರಕ್ಕೊಂದು ಬಂದಿತ್ತು. ಜೊತೆಗಾರರ ರಾಗ ಅವುಗಳ ಕೂಗಿಗೆ ಅಂಟಿಕೊಂಡಿತ್ತು.

ರಾಣೆಬೆನ್ನೂರಿನ ಸಂತೆಯಲ್ಲಿ ಬೇರೆ ಬೇರೆ ಊರಿನ ಮರಿಗಳನ್ನು ಕೊಂಡು ಒಂದೇ ದೊಡ್ಡಿಗೆ ಸೇರಿಸುತ್ತಾರೆ. ಕೆಲವು ವಾರಗಳ ಮೇಲೆ ಅವೆಲ್ಲ ಒಂದೇ ಊರಿನವರಂತೆ ಕೂಗುತ್ತವೆಯೇ? ಸಂತೆಯ ದಿನವೇ ದನಿ ಮುದ್ರಿಸಿಕೊಂಡು, ಮುಂದೆ ಮತ್ತೆ ಕೇಳಿ ನೋಡಬೇಕು.

ಬ್ಯಾಡಗಿ, ಬೇವಿನ ಮರದ ಕಾಗೆಗೂಡು

ಕೆಳಗೆ ಮೆಣಸಿನಕಾಯಿ ಚೀಲ ಹೊತ್ತ ಲಾರಿಗಳು, ಮೇಲೆ ಗೂಡು. ಗೂಡಿನಲ್ಲಿ ಬಾಯಿ ತೆರೆದು ಕುಳಿತದ್ದು ಕೋಗಿಲೆ ಮರಿ. ತುತ್ತು ತರುತ್ತಿರುವುದು ಕಾಗೆ. ಮೊಟ್ಟೆ ಒಡೆದ ದಿನದಿಂದ ಈ ಮರಿ ಸಾಕಿದವರಿಂದ ಕೇಳಿರುವುದು ‘ಕಾ’ ಒಂದನ್ನೇ. ಆದರೂ ಬೆಳೆದ ಮೇಲೆ ಗಂಡಾದರೆ ‘ಕುಹೂ’ ಎನ್ನುತ್ತದೆ, ಹೆಣ್ಣಾದರೆ ‘ಕಿಕ್ ಕಿಕ್ ಕಿಕ್’ ಎನ್ನುತ್ತದೆ. ಕೋಗಿಲೆಯ ಕುಲಕ್ಕೆ ಹಾಡು ಹುಟ್ಟಿನಿಂದಲೇ ಬರುತ್ತದೆ, ಗುರು ಬೇಕಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಕಾಗೆ. ಹಕ್ಕಿಗಳಲ್ಲಿ ಕೇಳಿ ದನಿ ಕಲಿಯುವವು ಮೂರು ಗುಂಪು: ಹಾಡುಹಕ್ಕಿ, ಗಿಳಿ, ಝೇಂಕಾರದ ಹಕ್ಕಿ. ಕಾಗೆ ಸೇರುವುದು ಹಾಡುಹಕ್ಕಿಗಳ ಗುಂಪಿಗೆ. ಕರ್ಕಶವೆಂದು ನಾವು ಓಡಿಸುವ ಹಕ್ಕಿ ಕಲಿಯಬಲ್ಲದ್ದು. ಇಂಪೆಂದು ಕೊಂಡಾಡುವ ಹಕ್ಕಿ ಕಲಿಯದೆ ಹಾಡುವುದು. 1950ರ ದಶಕದಲ್ಲಿ ಕೇಂಬ್ರಿಜ್‌ನ ವಿಲಿಯಂ ಥಾರ್ಪ್, ಹಿರಿಯರ ಹಾಡು ಕಿವಿಗೆ ಬೀಳದಂತೆ ಚಾಫಿಂಚ್ ಎಂಬ ಹಾಡುಹಕ್ಕಿಯ ಮರಿಗಳನ್ನು ಸಾಕಿದರು. ಅವು ಹಾಡಿದವು, ಆದರೆ ಆ ಹಾಡಿಗೆ ಕುಲದ ರೂಪ ಬರಲಿಲ್ಲ.

ಹಾವೇರಿ, ಗೋಡೆ ಸಂದಿನ ತುಡುವೆ ಜೇನು

ಹೂವಿರುವ ದಿಕ್ಕು, ದೂರ ಎರಡನ್ನೂ ಜೇನ್ನೊಣ ಕುಣಿದು ತಿಳಿಸುತ್ತದೆ. ಇದು ಪೂರ್ತಿ ಹುಟ್ಟುಗುಣವೆಂದು ನಂಬಿದ್ದೆವು. ಕೆನ್ ಟಾನ್, ಜೇಮ್ಸ್ ನೀ ಮತ್ತು ಸಂಗಡಿಗರು 2023ರಲ್ಲಿ ಎಳೆಯ ಹುಳುಗಳಷ್ಟೇ ಇರುವ ಗೂಡುಗಳನ್ನು ಕಟ್ಟಿ ನೋಡಿದರು. ಹಿರಿಯರ ಕುಣಿತವನ್ನು ಹಿಂಬಾಲಿಸಿ ನೋಡದ ಹುಳುಗಳು ಮೊದಲ ಕುಣಿತದಲ್ಲಿ ದಿಕ್ಕನ್ನೂ ದೂರವನ್ನೂ ತಪ್ಪಿ ಹೇಳಿದವು. ಅನುಭವ ಬಂದಂತೆ ದಿಕ್ಕು ಸರಿಹೋಯಿತು. ದೂರದ ತಪ್ಪು ಮಾತ್ರ ಬದುಕಿರುವವರೆಗೂ ಉಳಿಯಿತು. ಕೆಲವೇ ವಾರ ಬದುಕುವ ಹುಳುವಿಗೂ ಕಲಿಯಲು ಒಂದು ಪ್ರಾಯವಿದೆ. ಅದು ದಾಟಿದರೆ ಮತ್ತೆ ಸಿಗದು.

ಹಾವೇರಿ, ಹುಣಸೆ ಮರದ ಮಂಗಗಳು

ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲ ಕಂಡು ಮರಿಯೊಂದು ಕಿರುಚಿತು. ದೊಡ್ಡವು ತಲೆಯೆತ್ತಿ ನೋಡಿ ಸುಮ್ಮನಾದವು. ಆ ಸುಮ್ಮನಾಗುವುದೂ ಪಾಠವೇ ಇರಬೇಕು. ಕೆನ್ಯಾದ ಅಂಬೊಸೆಲಿಯ ವರ್ವೆಟ್ ಮಂಗಗಳಿಗೆ ಚಿರತೆ, ಹದ್ದು, ಹಾವುಗಳಿಗೆ ಬೇರೆ ಬೇರೆ ಕೂಗುಗಳಿವೆ ಎಂದು ರಾಬರ್ಟ್ ಸೇಫಾರ್ತ್, ಡೊರೊಥಿ ಚೆನಿ, ಪೀಟರ್ ಮಾರ್ಲರ್ 1980ರಲ್ಲಿ ತೋರಿಸಿದರು. ಅಲ್ಲಿನ ಮರಿಗಳು ನಿರಪಾಯದ ಹಕ್ಕಿಗೂ ಉದುರುವ ಎಲೆಗೂ ‘ಹದ್ದು’ ಎಂದು ಕೂಗುತ್ತವೆ. ಕೂಗು ಹುಟ್ಟಿನಿಂದ ಬಂದದ್ದು. ಅದನ್ನು ಯಾವುದಕ್ಕೆ ಬಳಸಬೇಕು ಎಂಬ ವಿವೇಕ ಬೆಳೆಯುತ್ತಾ ಕೂಡಿಬರುತ್ತದೆ.

ಹುಲತ್ತಿ, ಚಿಗರಿಗಳ ಬಯಲು

ಕೃಷ್ಣಮೃಗಗಳಿಗಾಗಿ 1974ರಲ್ಲಿ ಘೋಷಿಸಿದ, 119 ಚದರ ಕಿಲೋಮೀಟರ್‌ನ ಅಭಯಾರಣ್ಯ. ಚಿಗರಿಮರಿಯ ಮೊದಲ ದಿನಗಳ ಪಾಠ ಮೌನ. ಹುಲ್ಲಿನಲ್ಲಿ ಅಲುಗದೆ ಅಡಗಿರುತ್ತದೆ. ತಾಯಿ ಬಂದು ಹಾಲೂಡಿಸಿ ಹೋಗುತ್ತದೆ. ಹಿಂಡು ಸೇರಿದ ಮೇಲೆ ಬೇರೆಯೇ ಪಾಠ: ಒಂದು ನೆಗೆದರೆ ಅದು ಎಚ್ಚರಿಕೆ, ಎಲ್ಲವೂ ನೆಗೆದು ಓಡಬೇಕು. ಅಲುಗದಿರುವುದನ್ನು ಬಿಟ್ಟು ನೆಗೆಯುವ ಹೊತ್ತು ಬಂತೆಂದು ಮರಿಗೆ ಹೇಗೆ ತಿಳಿಯುತ್ತದೆ? ನೋಡಿದಷ್ಟೂ ಈ ಪ್ರಶ್ನೆ ದೊಡ್ಡದಾಗುತ್ತಿದೆ.

ಅದೇ ಬಯಲು, ಇನ್ನೊಂದು ಟಿಪ್ಪಣಿ

ಒಂದು ಕಾಲಕ್ಕೆ ಇಲ್ಲಿ ಎರೆಭೂತ ಹಕ್ಕಿಯೂ ಓಡಾಡುತ್ತಿತ್ತು. ಈಗ ಅದರ ಉಳಿವಿಗಾಗಿ ರಾಜಸ್ಥಾನದ ಜೈಸಲ್ಮೇರ್‌ನಲ್ಲಿ ಮೊಟ್ಟೆಗಳನ್ನು ಕಾವುಪೆಟ್ಟಿಗೆಯಲ್ಲಿಟ್ಟು ಮರಿ ಮಾಡುತ್ತಿದ್ದಾರೆ. ದೊಡ್ಡ ಕೆಲಸ, ಮಾಡಲೇಬೇಕಾದ ಕೆಲಸ. ಆದರೆ ಮನುಷ್ಯನ ಕೈಯಲ್ಲಿ ಕಣ್ಣುಬಿಟ್ಟ ಮರಿ ತನ್ನವರೊಡನೆ ಬಾಳುವ ರೀತಿಯನ್ನು ಯಾರಿಂದ ನೋಡಿ ತಿಳಿಯಬೇಕು?

ಆಸ್ಟ್ರೇಲಿಯಾದ ರೀಜೆಂಟ್ ಹನಿಈಟರ್ ಹಕ್ಕಿಯ ಕತೆ ಇಲ್ಲಿ ನೆನಪಾಗುತ್ತದೆ. ಅವು ಕೆಲವು ನೂರಕ್ಕೆ ಇಳಿದಿವೆ. ಶೇ 12ರಷ್ಟು ಗಂಡುಗಳು ಬೇರೆ ಕುಲದ ಹಕ್ಕಿಗಳ ಹಾಡು ಹಾಡುತ್ತಿವೆಯೆಂದು 2021ರಲ್ಲಿ ಬಂದ ಅಧ್ಯಯನ ಹೇಳಿತು. ಮರಿಗಳ ಗಂಟಲಿಗೆ ಏನೂ ಆಗಿಲ್ಲ. ಹಾಡಿ ತೋರಿಸಲು ಸುತ್ತ ಹಿರಿಯರಿಲ್ಲ. ಗಂಡು ಪರಕುಲದ ಹಾಡು ಹಾಡಿದರೆ ಹೆಣ್ಣು ಹತ್ತಿರ ಬರುವುದು ಕಷ್ಟ. ಸಂತತಿ ಇನ್ನಷ್ಟು ಕುಗ್ಗುತ್ತದೆ.

ಇದು ಕಾಡುಹಕ್ಕಿಗಳ ಮಾತಷ್ಟೇ ಅಲ್ಲ. ಕರುವನ್ನು ಒಂಟಿಯಾಗಿ ಕಟ್ಟದೆ ಜೊತೆಯಲ್ಲಿ ಬೆಳೆಸಿದರೆ, ಕಲಿತ ನಿಯಮ ಬದಲಾದಾಗ ಅದು ಹೊಸದನ್ನು ಬೇಗ ಕಲಿಯುತ್ತದೆ ಎಂದು ಕೆನಡಾದ ಒಂದು ಅಧ್ಯಯನ 2014ರಲ್ಲಿ ಕಂಡಿತು. ನಮ್ಮ ಕೊಟ್ಟಿಗೆಗೂ, ದೊಡ್ಡಿಗೂ, ಈ ಬಯಲಿಗೂ ಸಲ್ಲುವ ಮಾತಿದು. ಅಭಯಾರಣ್ಯದ ಗಣತಿಯಲ್ಲಿ ಎಷ್ಟು ತಲೆ ಎಂದು ಬರೆಯುತ್ತೇವೆ. ಮರಿಗಳೆಷ್ಟು, ಅವುಗಳ ಜೊತೆ ಬೆರೆತಿರುವ ಹಿರಿಯರೆಷ್ಟು ಎಂಬುದನ್ನೂ ಅದರ ಪಕ್ಕದಲ್ಲೇ ಬರೆದಿಡಬೇಕು.