ಗೇಟ್ ಪಾಸೂ ಕಪಾಟಿನ ಕೀಲಿಯೂ

ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಬೇರೇನು ಗೊತ್ತಿಲ್ಲದಿದ್ದರೂ ಒಂದು ಸಂಗತಿ ಮಾತ್ರ ಚೆನ್ನಾಗಿ ಗೊತ್ತಿರುತ್ತದೆ. ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ ಒಳಗೆ ಬರುವುದು ಬೇರೆ. ಒಳಗೆ ಬಂದಮೇಲೆ ಕಪಾಟು ತೆರೆದು ಕಡತ ತೆಗೆಯುವುದು ಬೇರೆ. ಮೊದಲನೆಯದಕ್ಕೆ ನಾವು ಯಾರು ಎಂಬುದು ಗೊತ್ತಾದರೆ ಸಾಕು. ಎರಡನೆಯದಕ್ಕೆ ನಮಗೆ ಏನು ಅಧಿಕಾರವಿದೆ ಎಂಬುದನ್ನು ತೋರಿಸುವ ಕಾಗದ ಬೇಕು. ಆ ಕಾಗದದ ಮೇಲೆ ಸಹಿ ಮಾಡಿದವರಿಗೆ ಸಹಿ ಮಾಡುವ ಅಧಿಕಾರವಿತ್ತೇ ಎಂಬುದು ಇನ್ನೂ ಮುಂದಿನ ಪ್ರಶ್ನೆ, ಅದಕ್ಕೆ ಬೇರೆ ಕಾಗದ. ಹೊರಗಿನವರು ಇದನ್ನು ಕೆಂಪು ಪಟ್ಟಿ ಎಂದು ನಗುತ್ತಾರೆ. ನಗಲಿ. ಕಂಪ್ಯೂಟರಿನೊಳಗೂ ವ್ಯವಹಾರ ನಡೆಯುವುದು ಅಕ್ಷರಶಃ ಹೀಗೆಯೇ ಎಂಬುದನ್ನು ಕಳೆದ ಚಳಿಗಾಲದಲ್ಲಿ ಕಂಡುಕೊಂಡಂದಿನಿಂದ ನನಗೆ ನನ್ನ ವೃತ್ತಿಯ ಮೇಲೆ ಗೌರವ ತುಸು ಹೆಚ್ಚಾಗಿದೆ.

ಮುನಿರ್ಕಾದಲ್ಲಿ ನಮ್ಮ ಧಾರವಾಡದ ಕಡೆಯವರೊಬ್ಬರಿದ್ದರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ನಿವೃತ್ತರಾದಮೇಲೂ ಊರಿಗೆ ಹೋಗದೆ ದಿಲ್ಲಿಯಲ್ಲೇ ಉಳಿದು, ಮನೆಯ ಎರಡು ಗೋಡೆಗಳ ತುಂಬ ಕನ್ನಡ ಪುಸ್ತಕ ಜೋಡಿಸಿ, ಕೇಳಿದವರಿಗೆಲ್ಲ ಓದಲು ಕೊಡುತ್ತಿದ್ದರು. ಶುಲ್ಕವಿಲ್ಲ, ಠೇವಣಿಯಿಲ್ಲ. ಹೆಸರು ಬರೆಸಬೇಕು, ಅಷ್ಟೇ. ಕಾರಂತರ, ಭೈರಪ್ಪನವರ, ತ್ರಿವೇಣಿಯವರ ಕಾದಂಬರಿಗಳನ್ನು ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಮೊದಲು ಮುಟ್ಟಿದ್ದು ಅಲ್ಲಿಯೇ. ಲೆಕ್ಕವೆಲ್ಲ ಉದ್ದನೆಯ ವಹಿಗಳಲ್ಲಿತ್ತು. ೨೦೨೦ರಲ್ಲಿ ಲಾಕ್‌ಡೌನ್ ಆದಾಗ ಪುಣೆಯ ಮಗ ಕೆಲವು ತಿಂಗಳು ಇಲ್ಲಿಯೇ ಸಿಕ್ಕಿಕೊಂಡ. ಆಗ ತಂದೆಯೂ ಮಗನೂ ಕುಳಿತು ಹಳೆಯದೊಂದು ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಮಾರಿಯಾಡಿಬಿ ಎಂಬ ಡೇಟಾಬೇಸ್ ಸ್ಥಾಪಿಸಿ, ವಹಿಗಳನ್ನೆಲ್ಲ ಅದಕ್ಕೆ ಏರಿಸಿದರು. ವಹಿಗಳು ಆಮೇಲೆ ರದ್ದಿಗೆ ಹೋದವು. ೨೦೨೩ರಲ್ಲಿ ಕಾಕಾ ತೀರಿಕೊಂಡರು.

ಕಾಕು ಈಗ ಪುಣೆಗೆ ಹೊರಟಿದ್ದಾರೆ. ಮನೆ ಖಾಲಿ ಮಾಡುವ ಮೊದಲು ನನ್ನನ್ನು ಕರೆಸಿ ಹೇಳಿದರು: "ಅವರು ಹೋದ ಮ್ಯಾಲೆ ಅದನ್ನ ಯಾರೂ ಮುಟ್ಟಿಲ್ಲಪಾ. ಯಾವ ಪುಸ್ತಕ ಯಾರ ಮನ್ಯಾಗ ಅದಾವೋ ಆ ಪೆಟ್ಟಿಗಿಗೇ ಗೊತ್ತು. ನೀ ಬಿ.ಎಸ್‌ಸಿ. ಕಲ್ತಾಂವ, ತೆರೆದು ನೋಡು." ನಾನು ಬಿ.ಎಸ್‌ಸಿ.ಯಲ್ಲಿ ಕಲಿತದ್ದು ಭೌತಶಾಸ್ತ್ರ, ಅದೂ ಪ್ರಿಸಮ್ಮು ಲೋಲಕಗಳ ಕಾಲದ್ದು, ಎಂದು ಅವರಿಗೆ ಹೇಳಿ ಪ್ರಯೋಜನವಿರಲಿಲ್ಲ. ಪೆಟ್ಟಿಗೆಯನ್ನು ಆಟೋದಲ್ಲಿಟ್ಟುಕೊಂಡು ಆರ್.ಕೆ. ಪುರಂನ ಕ್ವಾರ್ಟರ್ಸಿಗೆ ತಂದು, ಉಕ್ಕಿನ ಬೀರುವಿನ ಪಕ್ಕದಲ್ಲಿಟ್ಟೆ. ಮೌಖಿಕ ಆದೇಶವನ್ನು ಲಿಖಿತವಾಗಿ ದೃಢಪಡಿಸಿಕೊಳ್ಳುವುದು ನಮ್ಮ ಅಭ್ಯಾಸವಷ್ಟೆ. ಪುಣೆಯ ಮಗನಿಂದಲೂ ಒಂದು ಸಂದೇಶ ತರಿಸಿಕೊಂಡೆ. ಅವನು ಒಪ್ಪಿಗೆಯ ಜೊತೆಗೆ ಯಂತ್ರದ ಪಾಸ್‌ವರ್ಡನ್ನೂ, ಡೇಟಾಬೇಸಿನಲ್ಲಿ ಕಾಕಾ ಬಳಸುತ್ತಿದ್ದ 'ಪುಸ್ತಕ' ಎಂಬ ಖಾತೆಯ ಪಾಸ್‌ವರ್ಡನ್ನೂ ಕಳಿಸಿದ. ಎರಡೂ ಸರಿಯಾಗಿದ್ದವು. ಆದರೂ ನನಗೆ ಒಳಗೆ ಹೋಗಲಾಗಲಿಲ್ಲ. ಹೇಳಬೇಕಾದ ಕಥೆ ಇರುವುದು ಇಲ್ಲಿಯೇ.

ಅದಕ್ಕೆ ಮುಂಚೆ ಆ ಹೆಸರಿನ ವಿಷಯ ಒಂದು ಮಾತು. ಫಿನ್ಲೆಂಡಿನ ಮೈಕೆಲ್ ವಿಡೇನಿಯಸ್ ಎಂಬವರು ಮತ್ತು ಅವರ ಸಂಗಡಿಗರು ೧೯೯೫ರಲ್ಲಿ ಹೊರತಂದ ಡೇಟಾಬೇಸಿಗೆ ಮೈಎಸ್‌ಕ್ಯೂಎಲ್ ಎಂದು ಹೆಸರಾಯಿತು. 'ಮೈ' ಎಂದರೆ ಇಂಗ್ಲಿಷಿನ 'ನನ್ನ' ಅಲ್ಲ, ಅದು ಅವರ ಮಗಳ ಹೆಸರು. ೨೦೦೯ರಲ್ಲಿ ಒರಾಕಲ್ ಕಂಪನಿ ಅದರ ಒಡೆತನ ಪಡೆಯುವ ಮಾತು ಹೊರಟಾಗ ವಿಡೇನಿಯಸ್ ಬೇರೊಂದು ಕವಲು ತೆಗೆದು ಅದಕ್ಕೆ ಕಿರಿಯ ಮಗಳು ಮಾರಿಯಾಳ ಹೆಸರಿಟ್ಟರು. ಮಕ್ಕಳ ಹೆಸರನ್ನು ಮನೆಗೆ ಇಡುವವರನ್ನು ನಾವೂ ಬೇಕಾದಷ್ಟು ಕಂಡಿದ್ದೇವೆ. ಅಕ್ಕನ ಮನೆಯ ಅಡುಗೆ ಗೊತ್ತಿದ್ದವರಿಗೆ ತಂಗಿಯ ಮನೆಯಲ್ಲಿ ತಡಕಾಡಬೇಕಾಗುವುದಿಲ್ಲ. ಆದರೆ ಬಾಗಿಲಿನ ಕಾವಲಿನಲ್ಲಿ ಮಾತ್ರ ಇಬ್ಬರಿಗೂ ಈಚೆಗೆ ಅಲ್ಪಸ್ವಲ್ಪ ವ್ಯತ್ಯಾಸ ಬಂದಿದೆ.

ನನ್ನ ಲ್ಯಾಪ್‌ಟಾಪಿನಿಂದ ಕಾಕಾನ ಯಂತ್ರಕ್ಕೆ ಮೊದಲ ಸಲ ಕರೆ ಕೊಟ್ಟಾಗ ಬಂದ ಉತ್ತರ ೧೧೩೦: ನಿಮ್ಮ ಯಂತ್ರಕ್ಕೆ ಈ ಸರ್ವರಿಗೆ ಬರಲು ಅನುಮತಿಯಿಲ್ಲ. ಗಮನಿಸಬೇಕು, ಅದು ಪಾಸ್‌ವರ್ಡ್ ತಪ್ಪು ಎನ್ನಲಿಲ್ಲ. ಪಾಸ್‌ವರ್ಡನ್ನು ಕೇಳುವಷ್ಟರ ಮಟ್ಟಿಗೂ ಹೋಗಲಿಲ್ಲ. ನಿಮ್ಮ ಊರಿನಿಂದ ಬರುವವರ ಹೆಸರೇ ನನ್ನ ಪಟ್ಟಿಯಲ್ಲಿಲ್ಲ ಎಂದು ಗೇಟಿನವನು ಹಿಂದಕ್ಕೆ ಕಳಿಸಿದ ಹಾಗೆ. ಸರಿ, ಯಂತ್ರದ ಮುಂದೆಯೇ ಕುಳಿತು, ಅದರ ಕೀಲಿಮಣೆಯಿಂದಲೇ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟೆ. ಈ ಸಲ ೧೦೪೫: ಪ್ರವೇಶ ನಿರಾಕರಿಸಲಾಗಿದೆ, ಪಾಸ್‌ವರ್ಡ್ ಕೊಟ್ಟಿದ್ದೀರಿ ಎಂಬ ಷರಾ ಸಮೇತ. ಸುಮ್ಮನೆ ಪರೀಕ್ಷೆಗೆಂದು ಪಾಸ್‌ವರ್ಡನ್ನೇ ಕೊಡದೆ ನೋಡಿದೆ. ಒಳಗೆ ಬಿಟ್ಟಿತು! ಸರಿಯಾದ ಪಾಸ್‌ವರ್ಡ್ ಹೇಳಿದವನನ್ನು ಹೊರಗೆ ನಿಲ್ಲಿಸಿ, ಏನೂ ಹೇಳದವನಿಗೆ ನಮಸ್ಕಾರ ಮಾಡುವ ದ್ವಾರಪಾಲಕ. ಆದರೆ ಒಳಗೆ ಹೋಗಿ ಪುಸ್ತಕಗಳ ಕೋಣೆಯನ್ನು ಕೇಳಿದರೆ ೧೦೪೪: ಈ ಡೇಟಾಬೇಸಿಗೆ ನಿಮಗೆ ಪ್ರವೇಶವಿಲ್ಲ.

ಮೂರು ಸಲ ಬೇಡವೆಂದದ್ದು ಒಂದೇ ಯಂತ್ರ. ಆದರೆ ಮೂರು ಬೇರೆ ಬೇರೆ ಮೇಜುಗಳಿಂದ ವಾಪಸಾದ ಕಾಗದಗಳು ಅವು. ಕಚೇರಿಯಲ್ಲಿ ಕಡತ ವಾಪಸು ಬಂದಾಗ ಅನುಭವಸ್ಥನಾದ ಗುಮಾಸ್ತ ಮೊದಲು ನೋಡುವುದು ಬೈಗುಳವನ್ನಲ್ಲ, ಯಾವ ಶಾಖೆಯ ಮೊಹರು ಬಿದ್ದಿದೆ ಎಂಬುದನ್ನು. ಇಲ್ಲಿಯೂ ಅಷ್ಟೇ. 'ಓಪನ್ ಆಗ್ತಾ ಇಲ್ಲ' ಎಂದು ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ, ಇದ್ದಬದ್ದ ಪಾಸ್‌ವರ್ಡುಗಳನ್ನು ಬದಲಿಸುತ್ತ ಕೂತರೆ ರಾತ್ರಿ ಬೆಳಗಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ಒಳಗಿನ ಮರ್ಮ ಹೀಗಿದೆ. ಮಾರಿಯಾಡಿಬಿಯಲ್ಲಿ ಖಾತೆಯ ಹೆಸರೆಂದರೆ ಬರಿಯ ಹೆಸರಲ್ಲ. ಹೆಸರು ಮತ್ತು ಊರು ಸೇರಿ ಒಂದು ಹೆಸರು. ನಮ್ಮ ಕಡೆ ಅಡ್ಡಹೆಸರಿನಲ್ಲೇ ಊರು ಬಂದುಬಿಡುತ್ತದೆ. ಗದಗಿನ ರಾಮಪ್ಪ ಬೇರೆ, ನರಗುಂದದ ರಾಮಪ್ಪ ಬೇರೆ. ಒಬ್ಬ ಮಾಡಿದ ಸಾಲ ಇನ್ನೊಬ್ಬನ ಮೇಲೆ ಬರುವುದಿಲ್ಲ. ಹಾಗೆಯೇ ಇಲ್ಲಿ ಒಂದೇ ಹೆಸರಿನ ಬಳಕೆದಾರನು ಎರಡು ಕಡೆಯಿಂದ ಬಂದರೆ ಎರಡು ಖಾತೆ, ಎರಡು ಪಾಸ್‌ವರ್ಡ್, ಎರಡು ಬಗೆಯ ಅಧಿಕಾರ.

ಪಟ್ಟಿಯನ್ನು ನೋಡಬೇಕಾದರೆ ಯಜಮಾನನ ಖಾತೆಯಿಂದ, ಎಂದರೆ 'ರೂಟ್' ಎಂಬ ಖಾತೆಯಿಂದ, ಹೋಗಬೇಕು. ಅದರ ಪಾಸ್‌ವರ್ಡ್ ಮಗನಿಗೂ ನೆನಪಿರಲಿಲ್ಲ. ನೆನಪಿರಲು ಅಂಥದೊಂದು ಇರಲೇ ಇಲ್ಲ ಎಂಬುದು ಆಮೇಲೆ ತಿಳಿಯಿತು. ೨೦೧೯ರಲ್ಲಿ ಬಂದ ಮಾರಿಯಾಡಿಬಿಯ ೧೦.೪ನೆಯ ಆವೃತ್ತಿಯಿಂದೀಚೆಗೆ ಹೊಸ ಸ್ಥಾಪನೆಗಳಲ್ಲಿ ರೂಟ್ ಖಾತೆಯ ವ್ಯವಸ್ಥೆ ಸಾಮಾನ್ಯವಾಗಿ ಬೇರೆ. ಲಿನಕ್ಸ್ ಯಂತ್ರಕ್ಕೇ ನೀವು ಯಜಮಾನರಾಗಿದ್ದರೆ, ಅದೇ ಯಂತ್ರದಲ್ಲಿ ಕುಳಿತು ಕೇಳುತ್ತಿದ್ದರೆ, ಡೇಟಾಬೇಸ್ ಮತ್ತೆ ಪಾಸ್‌ವರ್ಡ್ ಕೇಳುವುದಿಲ್ಲ. ಮನೆಯವರೇ ಕೈಹಿಡಿದು ಕರೆತಂದವರನ್ನು ಅಡುಗೆಮನೆಯವರು ಯಾರು ಏನೆಂದು ವಿಚಾರಿಸುವುದಿಲ್ಲವಲ್ಲ, ಹಾಗೆ. 'ಸುಡೋ' ಎಂಬ ಪದವನ್ನು ಮುಂದಿಟ್ಟು ಯಂತ್ರದ ಪಾಸ್‌ವರ್ಡ್ ಕೊಟ್ಟೆ, ಬಾಗಿಲು ತೆರೆಯಿತು. ರೂಟ್ ಪಾಸ್‌ವರ್ಡ್ ಮರೆತವರು ಅಧಿಕಾರಪಟ್ಟಿಯನ್ನೇ ತಾತ್ಕಾಲಿಕವಾಗಿ ಅಮಾನತಿನಲ್ಲಿಟ್ಟು ಸರ್ವರನ್ನು ಎಬ್ಬಿಸುವ ಉಪಾಯವೊಂದುಂಟು. ಆ ಹೊತ್ತಿನಲ್ಲಿ ಬಂದವರೆಲ್ಲ ಯಜಮಾನರೇ ಆದ್ದರಿಂದ, ಹೊರಗಿನ ಜಾಲದ ತಂತಿ ಕಿತ್ತಿಡದೆ ಅದಕ್ಕೆ ಕೈಹಾಕಬಾರದು. ನನಗೆ ಅದರ ಅಗತ್ಯ ಬೀಳಲಿಲ್ಲ.

ಪಟ್ಟಿ ಕಂಡಮೇಲೆ ಎಲ್ಲವೂ ಸ್ಪಷ್ಟವಾಯಿತು. ಕಾಕಾನ 'ಪುಸ್ತಕ' ಖಾತೆಯ ಊರು ೧೯೨.೧೬೮.೦ ಎಂದು ಆರಂಭವಾಗುವ ವಿಳಾಸಗಳು. ಅದು ಮುನಿರ್ಕಾ ಮನೆಯ ರೌಟರ್ ಹಂಚುತ್ತಿದ್ದ ವಿಳಾಸ. ನಮ್ಮ ಮನೆಯ ರೌಟರ್ ಹಂಚುವುದು ೧೯೨.೧೬೮.೧ ಎಂದು. ಪೆಟ್ಟಿಗೆ ಮನೆ ಬದಲಿಸಿತ್ತು, ಖಾತೆಗೆ ವರ್ಗಾವಣೆಯ ಆದೇಶ ಬಂದಿರಲಿಲ್ಲ! ಲ್ಯಾಪ್‌ಟಾಪಿಗೆ ೧೧೩೦ ಬಂದದ್ದು ಇದಕ್ಕೆ.

ಇನ್ನು ೧೦೪೫ರ ವಿಚಿತ್ರ. ಪಟ್ಟಿಯಲ್ಲಿ ಇನ್ನೊಂದು ಸಾಲಿತ್ತು. ಹೆಸರಿನ ಜಾಗ ಖಾಲಿ, ಊರು ಮಾತ್ರ ಇದೇ ಯಂತ್ರ. ಇದು ಅನಾಮಧೇಯ ಖಾತೆ. ಸ್ಥಾಪನೆಯ ಹೊತ್ತಿನಲ್ಲಿ ತಾನಾಗಿ ಹುಟ್ಟಿ, ಯಾರೂ ತೆಗೆಯದಿದ್ದರೆ ಉಳಿದುಕೊಳ್ಳುವಂಥದು. ಹೆಸರಿಲ್ಲದವನು ಎಂದರೆ ಯಾವ ಹೆಸರಿಗೂ ಓಗೊಡುವವನು. ಯಂತ್ರದ ಮುಂದೆಯೇ ಕುಳಿತು ನಾನು 'ಪುಸ್ತಕ' ಎಂದಾಗ, ಆ ಊರಿನವನೆಂದು ಸಿಕ್ಕಿದವನು ಈ ಬೇನಾಮಿ ಒಬ್ಬನೇ. ಅವನಿಗೆ ಪಾಸ್‌ವರ್ಡ್ ಇಲ್ಲ. ನಾನು ಕೊಟ್ಟ ಪಾಸ್‌ವರ್ಡ್ ಅವನಿಗೆ ಹೊಂದದ್ದರಿಂದ ನಿರಾಕರಣೆ, ಕೊಡದಿದ್ದಾಗ ಸ್ವಾಗತ. ಇದನ್ನು ಪತ್ತೆ ಹಚ್ಚಲು ಎರಡು ಪ್ರಶ್ನೆಗಳಿವೆ. 'ಯೂಸರ್' ಎಂದು ಕೇಳಿದರೆ ನೀವು ಹೇಳಿಕೊಂಡ ಹೆಸರು ಯಾವುದೆಂದು ಹೇಳುತ್ತದೆ. 'ಕರೆಂಟ್ ಯೂಸರ್' ಎಂದು ಕೇಳಿದರೆ ನಿಮ್ಮನ್ನು ಯಾರೆಂದು ಒಳಗೆ ಬಿಟ್ಟಿದೆ ಎಂಬುದನ್ನು ಹೇಳುತ್ತದೆ. ಎರಡು ಉತ್ತರಗಳೂ ಬೇರೆಯಾಗಿದ್ದರೆ ವ್ಯಾಧಿಯ ಮೂಲ ಅಲ್ಲಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ಇಡೀ ವ್ಯವಹಾರದಲ್ಲಿ ಇಷ್ಟು ಸುಂದರವಾದ ಪ್ರಶ್ನೆಗಳು ಬೇರೆ ಸಿಗಲಿಲ್ಲ.

ಪರಿಹಾರ ಎರಡೇ ಸಾಲು. 'ರಿನೇಮ್ ಯೂಸರ್' ಎಂಬ ಆಜ್ಞೆಯಿಂದ ಕಾಕಾನ ಖಾತೆಯನ್ನು ಹಳೆಯ ಊರಿನಿಂದ ಹೊಸ ಊರಿಗೆ ವರ್ಗ ಮಾಡಿದೆ. ಹಳೆಯ ಪಾಸ್‌ವರ್ಡೂ ಹಳೆಯ ಅಧಿಕಾರಗಳೂ ಸಾಮಾನು ಸರಂಜಾಮಿನಂತೆ ಜೊತೆಗೇ ಬರುತ್ತವೆ. 'ಡ್ರಾಪ್ ಯೂಸರ್' ಎಂದು ಅನಾಮಧೇಯನನ್ನು ಮನೆಗೆ ಕಳಿಸಿದೆ. ಇಂಥ ಪ್ರತಿಯೊಂದು ಆಜ್ಞೆಯ ಬಾಲಕ್ಕೂ 'ಫ್ಲಶ್ ಪ್ರಿವಿಲೇಜಸ್' ಎಂದು ಜಪಿಸುವ ರೂಢಿ ಹಲವರಲ್ಲುಂಟು. ಅಧಿಕಾರದ ಕೋಷ್ಟಕಗಳನ್ನು ನೇರವಾಗಿ ಕೈಯಿಂದ ತಿದ್ದಿದಾಗ ಮಾತ್ರ ಅದು ಬೇಕು. ಕ್ರಮವಾದ ಆಜ್ಞೆ ಹೊರಡಿಸಿದರೆ ಬೇಡ. ಜಪಿಸಿದರೆ ಪಾಪವೇನೂ ಬರುವುದಿಲ್ಲ.

ಹೀಗೆ ಒಳಗೆ ಬಂದಮೇಲೆ ಪುಸ್ತಕಗಳೆಲ್ಲ ಕಣ್ಣಮುಂದೆ ಬಂದವು. ಒಂದು ಪುಸ್ತಕ ಎರಡು ಸಲ ದಾಖಲಾದಂತೆ ಕಂಡಿತು. ಒಂದನ್ನು ಅಳಿಸಹೋದರೆ ೧೧೪೨: ಈ ಕೋಷ್ಟಕದಲ್ಲಿ ಅಳಿಸುವ ಅಧಿಕಾರ ನಿಮಗಿಲ್ಲ. 'ಶೋ ಗ್ರಾಂಟ್ಸ್' ಎಂದು ಕೇಳಿ ನೋಡಿದೆ. ಓದಲು, ಸೇರಿಸಲು, ತಿದ್ದಲು ಅಧಿಕಾರವಿದೆ, ಅಳಿಸಲು ಇಲ್ಲ. ಮಗನನ್ನು ಕೇಳಿದರೆ, "ಬಾಬಾನೇ ಬ್ಯಾಡ ಅಂದಿದ್ದರು, ಅಣ್ಣಾ. ಕಳೆದ ಪುಸ್ತಕಾನೂ ಪುಸ್ತಕಾನೇ, ಅಳಸಬಾರದು ಅಂತ" ಎಂದ. ತನ್ನ ಸ್ವಂತ ಕೈಗೆ ತಾನೇ ಹಾಕಿಕೊಂಡ ಕಟ್ಟು ಅದು. ರೂಟ್ ಖಾತೆಯಿಂದ ನಾನು ಒಂದು ನಿಮಿಷದಲ್ಲಿ ಅಳಿಸಬಹುದಿತ್ತು. ಅಳಿಸಲಿಲ್ಲ. ಮಾರನೆಯ ಭಾನುವಾರ ಕಪಾಟಿನಲ್ಲಿ ನೋಡಿದರೆ ಆ ಪುಸ್ತಕದ ಎರಡು ಪ್ರತಿಗಳು ಅಕ್ಕಪಕ್ಕದಲ್ಲೇ ಇದ್ದವು.

ನಿಜವಾದ ಕಷ್ಟ ಎದುರಾದದ್ದು ಎಲ್ಲ ಬಾಗಿಲುಗಳೂ ತೆರೆದಮೇಲೆ. ಎರವಲಿನ ಕೋಷ್ಟಕದ ಕೊನೆಯಲ್ಲಿ 'ಷರಾ' ಎಂಬ ಅಂಕಣವಿತ್ತು. ಮೊದಲ ಪುಟದಲ್ಲಿ ಕಣ್ಣಿಗೆ ಬಿದ್ದ ನಾಲ್ಕಾರು ಸಾಲುಗಳಲ್ಲೇ ಅದು ಎಂಥದೆಂದು ತಿಳಿದುಹೋಯಿತು. ಒಬ್ಬರ ಹೆಸರಿನ ಮುಂದೆ, 'ಕೇಳಬಾರದು, ಮಗು ಆಸ್ಪತ್ರೆಯಲ್ಲಿದೆ.' ಇನ್ನೊಬ್ಬರ ಮುಂದೆ, 'ನೌಕರಿ ಹೋಗಿದೆ, ಪುಸ್ತಕದ ನೆಪದಲ್ಲಿ ಊಟಕ್ಕೆ ಕರೆಯುವುದು.' ಹೆಸರುಗಳು ನಮ್ಮವರವೇ, ಇಂದಿಗೂ ಕಾರ್ಯಕ್ರಮಗಳಲ್ಲಿ ಸಿಗುವವರವು. ಯಂತ್ರ ನನಗೆ ಎಲ್ಲವನ್ನೂ ತೋರಿಸಲು ಸಿದ್ಧವಿತ್ತು. ನಾನು ಪರದೆ ಮುಚ್ಚಿ ಕಾಕುವಿನ ಬಳಿಗೆ ಹೋದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದು ಅವರು ತಮ್ಮ ಸಲುವಾಗಿ ಬರದದ್ದು. ಮಂದಿಗೆ ತೋರಸಬ್ಯಾಡ. ಪುಸ್ತಕ ಎಲ್ಲೆಲ್ಲಿ ಅದಾವ ಅಷ್ಟು ಸಿಕ್ಕರ ಸಾಕು" ಎಂದರು. ಮತ್ತೆ ಸ್ವಲ್ಪ ತಡೆದು, "ನನ್ನ ಹೆಸರಿನ ಮುಂದ ಏನರ ಬರದಾರೇನು ನೋಡು" ಎಂದರು. ಲ್ಯಾಪ್‌ಟಾಪ್ ತೆರೆದು, ಅವರ ಹೆಸರನ್ನು ಮಾತ್ರ ಕೇಳಿ, ಬಂದ ಸಾಲನ್ನು ಓದದೆ ಪರದೆಯನ್ನು ಅವರ ಕಡೆಗೆ ತಿರುಗಿಸಿದೆ. ಕನ್ನಡಕ ಹಾಕಿಕೊಂಡು ಓದಿದರು, ನಕ್ಕರು, ಚಹಾ ಮಾಡಲು ಎದ್ದುಹೋದರು. ಏನಿತ್ತೆಂದು ನಾನು ಕೇಳಲಿಲ್ಲ.

ಪುಸ್ತಕಗಳನ್ನು ಒಟ್ಟುಗೂಡಿಸುವ ಕೆಲಸಕ್ಕೆ ಮೂವರು ಯುವಕರು ಮುಂದೆ ಬಂದಿದ್ದಾರೆ. ಅವರಿಗೆ ಬೇರೆಯೇ ಒಂದು ಖಾತೆ ಮಾಡಿದ್ದೇನೆ. ಮಾರಿಯಾಡಿಬಿಯಲ್ಲಿ ಅಧಿಕಾರವನ್ನು ಇಡೀ ಕೋಷ್ಟಕಕ್ಕೆ ಕೊಡಬೇಕೆಂದಿಲ್ಲ, ಬೇಕಾದ ಅಂಕಣಗಳಿಗಷ್ಟೇ ಕೊಡಬಹುದು. ಪುಸ್ತಕದ ಹೆಸರು, ಪಡೆದವರ ಹೆಸರು, ದಿನಾಂಕ, ಈ ಮೂರನ್ನು ಓದುವ ಅಧಿಕಾರ ಆ ಖಾತೆಗಿದೆ, ಷರಾದ್ದು ಇಲ್ಲ. ಅವರಲ್ಲೊಬ್ಬ ಮೊದಲ ದಿನವೇ ಎಲ್ಲ ಅಂಕಣಗಳನ್ನೂ ಒಟ್ಟಿಗೆ ಕೇಳಿ ನಿರಾಕರಿಸಿಕೊಂಡು, "ಅಂಕಲ್, ನಿಮ್ಮ ಸರ್ವರ್ ಕೆಟ್ಟಿದೆ" ಎಂದು ಫೋನ್ ಮಾಡಿದ. ಕೆಟ್ಟಿಲ್ಲಪ್ಪ, ಬೇಕಾದ ಅಂಕಣಗಳ ಹೆಸರು ಹೇಳಿ ಕೇಳು, ಕೊಡುತ್ತದೆ ಎಂದೆ. ಕೊಟ್ಟಿತು. ಪುಸ್ತಕಗಳೆಲ್ಲ ಬಂದಮೇಲೆ ಷರಾದ ಅಂಕಣವನ್ನು ಮಗನಿಗೆ ಪ್ರತಿಮಾಡಿ ಕೊಟ್ಟು ಇಲ್ಲಿಂದ ತೆಗೆಯಬೇಕೆಂದು ಕಾಕು ಹೇಳಿದ್ದಾರೆ. ಅದನ್ನು ಮಗನೇ ಬಂದು ಮಾಡಲಿ ಎಂದು ಕೇಳಿಕೊಂಡಿದ್ದೇನೆ.

ಈಗಿನ ಲೆಕ್ಕದಂತೆ ಇನ್ನೂ ೬೩ ಪುಸ್ತಕಗಳು ಹೊರಗಿವೆ. ಮೊದಲ ಪುಟದಲ್ಲಿ ನೀಲಿ ಶಾಯಿಯ ದುಂಡು ಮೊಹರೂ, ಅದರ ಕೆಳಗೆ ಕೈಬರಹದ ಸಂಖ್ಯೆಯೂ ಇರುವ ಪುಸ್ತಕ ವಾಚಕರಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಸಂಘದ ಕಚೇರಿಗೆ ತಲುಪಿಸಬೇಕು. ಯಾವ ವರ್ಷ ಒಯ್ದದ್ದೆಂದು ಯಾರೂ ಕೇಳುವುದಿಲ್ಲ. ಕಾಕು ಹೊರಡುವುದು ಯುಗಾದಿಯ ನಂತರ.