ಎಷ್ಟರ ದುಪ್ಪಟ್ಟು?

ಗಂಗಾವತಿಯ ಪೇಟೆಯಲ್ಲಿ ಭತ್ತದ ದರ ದುಪ್ಪಟ್ಟಾಯಿತೆಂದು ಯಾರಾದರೂ ಹೇಳಿದರೆ, ಕೇಳಿದವನು ಮೊದಲು ‘ಮೊನ್ನೆ ಎಷ್ಟಿತ್ತು?’ ಎನ್ನುತ್ತಾನೆ. ಅದು ತುಂಗಭದ್ರೆಯ ಎಡದಂಡೆ ಕಾಲುವೆಯ ನಾಡೆಂದಲ್ಲ. ಮಳೆಯನ್ನೇ ನೆಚ್ಚಿದ ನಮ್ಮ ಯಲಬುರ್ಗಾ, ಕುಷ್ಟಗಿಯ ಹೊಲಗಳಲ್ಲಿಯೂ ಹತ್ತು ವರ್ಷಕ್ಕೆ ಎಷ್ಟು ವರ್ಷ ಬೆಳೆ ಕೈಗೆ ಹತ್ತೀತೆಂಬ ಲೆಕ್ಕವನ್ನರಿಯದ ರೈತನಿಲ್ಲ. ಇಂಥ ಜನ ದವಾಖಾನೆಯ ಹೊಸ್ತಿಲು ದಾಟಿದೊಡನೆ ಲೆಕ್ಕ ಕೇಳುವುದನ್ನೇ ಬಿಟ್ಟುಬಿಡುವುದೇಕೋ!

ನಮ್ಮ ಅಕ್ಕನನ್ನು ಸೋದರತ್ತೆಯ ಮಗನಿಗೆ ಕೊಡುವ ಮಾತು ನಡೆದಿತ್ತು. ಅವ್ವ ಮೊಣಕಾಲು ನೋವೆಂದು ವೈದ್ಯರೊಬ್ಬರ ಬಳಿಗೆ ಹೋದಾಗ ಈ ಮಾತೂ ಬಂದಿತು. “ರಕ್ತಸಂಬಂಧದಾಗ ಮಾಡಬ್ಯಾಡ್ರೀ, ಕೂಸಿಗೆ ದೋಷ ಬರೋದು ದುಪ್ಪಟ್ಟು ಆಗತೈತಿ” ಎಂದರಂತೆ. ಅಷ್ಟೇ; ಮುಂದಿನ ರೋಗಿಯನ್ನು ಕರೆದರು. ಅವ್ವ ಆ ರಾತ್ರಿ ಉಣ್ಣಲಿಲ್ಲ. ಅಜ್ಜನಾದರೋ ನಕ್ಕುಬಿಟ್ಟನು: “ಮೂರು ತಲಿಯಿಂದ ನಮ್ಮನ್ಯಾಗ ಹಿಂಗ ಕೊಟ್ಟು ತಂದೇವಿ, ಏನಾಗೇತಿ?” ಒಂದೇ ಶಬ್ದ ಅವ್ವನ ಪಾಲಿಗೆ ನೂರಕ್ಕೆ ನೂರು, ಅಜ್ಜನ ಪಾಲಿಗೆ ಸೊನ್ನೆ.

ಸಂಬಂಧವಿಲ್ಲದ ದಂಪತಿಗಳ ನೂರು ಕೂಸುಗಳಲ್ಲಿ ಸುಮಾರು 3ಕ್ಕೆ ಹುಟ್ಟಿನಿಂದಲೇ ಗುರುತರವಾದ ದೋಷವಿರುವುದುಂಟು. ಅತ್ತೆ-ಮಾವಂದಿರ ಮಕ್ಕಳು ಮದುವೆಯಾದಲ್ಲಿ ಅದು 5 ಅಥವಾ 6 ಆಗುತ್ತದೆ. ದುಪ್ಪಟ್ಟೆಂಬುದು ಸುಳ್ಳಲ್ಲ. ಆದರೆ ಉಳಿದ 94 ಕೂಸುಗಳ ಸುದ್ದಿ ಆ ಮಾತಿನಲ್ಲಿಲ್ಲ.

ನಮ್ಮ ಕಡೆಯ ವೈದ್ಯರನ್ನಷ್ಟೇ ದೂರುವಂತಿಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಗರ್ಡ್ ಗಿಗರೆಂಜರ್ ಮತ್ತು ಸಂಗಡಿಗರು 160 ಜನ ಸ್ತ್ರೀರೋಗ ವೈದ್ಯರಿಗೆ ಒಂದು ಪ್ರಶ್ನೆ ಹಾಕಿದ ಸಂಗತಿಯನ್ನು 2007ರಲ್ಲಿ ಪ್ರಕಟಿಸಿದರು. ಸ್ತನದ ಎಕ್ಸ್‌ರೇ ಪರೀಕ್ಷೆಯಲ್ಲಿ ‘ರೋಗವಿದೆ’ ಎಂದು ಬಂದ ಹೆಂಗಸಿಗೆ ನಿಜವಾಗಿಯೂ ಕ್ಯಾನ್ಸರ್ ಇರುವ ಸಂಭವವೆಷ್ಟು? ಬೇಕಾದ ಅಂಕಿಗಳನ್ನೆಲ್ಲ ಶೇಕಡಾ ಲೆಕ್ಕದಲ್ಲಿ ಕೊಟ್ಟಿದ್ದರು. (ಶೇಕಡಾ ಎಂಬುದು ಪರೀಕ್ಷೆಯ ಅಂಕಗಳಿಗೆ ಮಾತ್ರ ಸಲ್ಲುವುದೆಂದು ನಂಬಿರುವ ನಮ್ಮ ಗೆಳೆಯರು ಕ್ಷಮಿಸಬೇಕು.) ಸರಿಯುತ್ತರ ಕೊಟ್ಟವರು ನೂರಕ್ಕೆ 21 ಮಂದಿ! ಬಹಳ ಮಂದಿ ಹತ್ತರಲ್ಲಿ ಒಂಬತ್ತು ಹೆಂಗಸರಿಗೆ ರೋಗವಿದೆಯೆಂದರು. ಆಮೇಲೆ ಅದೇ ಅಂಕಿಗಳನ್ನು ತಲೆ ಎಣಿಸಿ ಲೆಕ್ಕ ಹಾಕುವುದನ್ನು ಅವರಿಗೆ ಕಲಿಸಲಾಯಿತು. ಸಾವಿರ ಹೆಂಗಸರಲ್ಲಿ 10 ಜನಕ್ಕೆ ರೋಗ; ಅವರಲ್ಲಿ 9 ಜನ ಪರೀಕ್ಷೆಯಲ್ಲಿ ಸಿಕ್ಕುವರು. ರೋಗವಿಲ್ಲದ 990 ಜನರಲ್ಲಿಯೂ 89 ಜನಕ್ಕೆ ‘ಇದೆ’ ಎಂದೇ ಬರುವುದು. ಹಾಗಾಗಿ ‘ಇದೆ’ ಎನಿಸಿಕೊಂಡ 98 ಜನರಲ್ಲಿ ನಿಜವಾದ ರೋಗಿಗಳು 9 ಮಾತ್ರ. ಈ ಸಲ ನೂರಕ್ಕೆ 87 ವೈದ್ಯರು ಸರಿಯಾಗಿ ಹೇಳಿದರು. ವೈದ್ಯರು ಅವರೇ, ಅಂಕಿಗಳೂ ಅವೇ.

ಮುಂದೆ ಅಕ್ಕನೇ ಹಟ ಹಿಡಿದು ಬೇರೊಬ್ಬ ವೈದ್ಯೆಯ ಬಳಿಗೆ ಅವ್ವನನ್ನೂ ಅಜ್ಜಿಯನ್ನೂ ಕರೆದೊಯ್ದಳು, ನಾನೂ ಜೊತೆಗಿದ್ದೆ. ಆಕೆ ಚೀಟಿಯ ಬೆನ್ನಿಗೆ ಹತ್ತು ಸಾಲಾಗಿ ನೂರು ಚುಕ್ಕಿಯಿಟ್ಟು, ಮೂರನ್ನು ಸುತ್ತಿ, ಬಳಿಕ ಮತ್ತೆ ಮೂರನ್ನು ಸುತ್ತಿದರು. ಅನಂತರ ಅಜ್ಜಿಯ ಕಡೆಗೆ ತಿರುಗಿ, “ನಿಮ್ಮ ಮನಿತನದಾಗ ಎಷ್ಟು ಹುಟ್ಟಿದ್ವು, ಎಷ್ಟು ಉಳದಾವ್ರೀ?” ಎಂದು ಕೇಳಿದರು. ಅಜ್ಜಿ ಬೆರಳು ಮಡಿಚುತ್ತ ಹೋದಳು. ತೊಟ್ಟಿಲಲ್ಲಿಯೇ ಹೋದ ನಾಲ್ಕು ಕೂಸುಗಳು, ಹುಟ್ಟಿನಿಂದ ಕಿವಿ ಕೇಳದ ಚಿಕ್ಕಪ್ಪನ ಹಿರಿಮಗಳು. ಅಜ್ಜನ ‘ಏನಾಗೇತಿ’ಯಲ್ಲಿ ಇವರು ಯಾರೂ ಸೇರಿರಲಿಲ್ಲ. ತಲೆತಲಾಂತರದಿಂದ ಒಳಗೊಳಗೇ ಕೊಟ್ಟು ತಂದ ಮನೆಗಳಲ್ಲಿ ಆರು ಎಂಬುದು ಇನ್ನೂ ಏರಬಹುದೆಂದು ವೈದ್ಯೆ ಹೇಳಿದರು. ‘ಮಾಡಬೇಡಿ’ ಎಂದು ಮಾತ್ರ ಹೇಳಲಿಲ್ಲ.

ಬೇಡವೆಂದವಳು ಅಕ್ಕ. ಚುಕ್ಕಿಯ ಚೀಟಿಯನ್ನು ಅಜ್ಜನ ಮುಂದಿಟ್ಟು ತಾನೇ ಹೇಳಿದಳು. ಆ ವರ್ಷ ಪಂಚಮಿಗೆ ಅತ್ತೆ ತವರಿಗೆ ಬರಲಿಲ್ಲ.