ಉಪ್ಪುಂದದ ಕಡಲೂ ಸೀಫೋರ್ತ್ ಮನೆತನವೂ

ಕುಂದಾಪುರದಿಂದ ಉತ್ತರಕ್ಕೆ ಹೊರಟ ಪಯಣಿಗನಿಗೆ ಮರವಂತೆಯಲ್ಲಿ ಒಂದು ಮಗ್ಗುಲಿಗೆ ಸೌಪರ್ಣಿಕೆ, ಇನ್ನೊಂದು ಮಗ್ಗುಲಿಗೆ ಸಮುದ್ರ ಕಾಣಿಸುತ್ತವೆ. ಆ ಸೊಬಗನ್ನು ಹಿಂದಿಟ್ಟು ಇನ್ನಷ್ಟು ದೂರ ಸಾಗಿದರೆ, ಬೈಂದೂರು ಸೇರುವುದಕ್ಕೆ ಸ್ವಲ್ಪ ಮೊದಲೇ ಉಪ್ಪುಂದ ಬರುತ್ತದೆ. ಊರಿನ ನಡುವೆ ದುರ್ಗಾಪರಮೇಶ್ವರಿಯ ಗುಡಿ. ಕೊಡಿಹಬ್ಬದ ದಿನಗಳಲ್ಲಿ ಸುತ್ತಣ ಹಳ್ಳಿಗಳೆಲ್ಲ ಅಲ್ಲಿಗೆ ಹರಿದುಬರುತ್ತವೆ. ಪಡುವಣಕ್ಕೆ ತೆಂಗಿನ ತೋಟಗಳನ್ನು ದಾಟಿದರೆ ಮರಳ ದಂಡೆ, ಒಣಹಾಕಿದ ಬಲೆಗಳು, ಸಾಲುಗೂಡಿದ ದೋಣಿಗಳು. ಮೂಡಣಕ್ಕೆ ತಿರುಗಿದರೆ ಸಹ್ಯಾದ್ರಿಯ ನೀಲಿ ಗೋಡೆ.

ಕಡಲು ಮತ್ತು ಘಟ್ಟಗಳ ನಡುವಿನ ಈ ಕಿರಿದಾದ ನೆಲ ಬೇಸಾಯಗಾರರನ್ನೂ ಮೀನುಗಾರರನ್ನೂ ಸಾಕಿದೆ. ಹಿಂದೆ ಇದೇ ನೆಲ ದಂಡುಗಳಿಗೆ ದಾರಿಯೂ ಆಗಿತ್ತು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನ ಮುಂಬಯಿ ಸೈನ್ಯವು ಹೊನ್ನಾವರವನ್ನು ಗೆದ್ದುಕೊಂಡು, ಬಳಿಕ ಕುಂದಾಪುರವನ್ನು ಹಿಡಿಯಿತು. ಹೊನ್ನಾವರದಿಂದ ಕುಂದಾಪುರಕ್ಕೆ ತೀರ ಹಿಡಿದು ಬರುವ ಯಾವ ಹಡಗಾದರೂ ಉಪ್ಪುಂದದ ಕಡಲನ್ನು ಹಾಯಲೇಬೇಕು. ಆ ದಂಡಯಾತ್ರೆಯಲ್ಲಿ ಪಾಲುಗೊಂಡವರಲ್ಲಿ ಮೂವತ್ತು ತುಂಬದ ಒಬ್ಬ ಕರ್ನಲನಿದ್ದ. ಹೆಸರು ಥಾಮಸ್ ಫ್ರೆಡರಿಕ್ ಮೆಕೆಂಜಿ ಹಂಬರ್‌ಸ್ಟನ್. ಆತ ಸ್ಕಾಟ್ಲೆಂಡಿನ ಸೀಫೋರ್ತ್ ಎಂಬ ಹಳೆಯ ಮನೆತನದ ಯಜಮಾನ. ಅಂಥವನು ನಮ್ಮ ಕರಾವಳಿಗೆ ಬರಲು ಕಾರಣವಾದ ಕಥೆ ಅವನು ಹುಟ್ಟುವುದಕ್ಕೆ ಸುಮಾರು ನಲವತ್ತು ವರುಷ ಮೊದಲೇ, ಅವನ ನಾಡಿನ ಅಂತಃಕಲಹದಲ್ಲಿ ಮೊದಲಾಗಿತ್ತು.

ಬ್ರಿಟನ್ನಿನ ಸಿಂಹಾಸನವು ಸ್ಟೂಅರ್ಟ್ ವಂಶದ ಕೈತಪ್ಪಿ ಹ್ಯಾನೋವರ್ ದೊರೆಗೆ ಸಂದಾಗ, ಸ್ಕಾಟ್ಲೆಂಡಿನ ಅನೇಕ ಕುಲೀನರು ಹಳೆಯ ವಂಶದ ಪಕ್ಷ ಹಿಡಿದರು. ಸೀಫೋರ್ತಿನ ಐದನೆಯ ಅರ್ಲ್ ವಿಲಿಯಂ ಮೆಕೆಂಜಿ ಅವರಲ್ಲಿ ಒಬ್ಬ. 1715ರ ನವೆಂಬರಿನಲ್ಲಿ ಷೆರಿಫ್‌ಮ್ಯೂರ್ ಕಾಳಗದಲ್ಲಿ ಹೋರಾಡಿದ, ಬಂಡಾಯ ಸೋತಿತು, ಪದವಿ ಹೋಯಿತು, ಭೂಮಿ ಮುಟ್ಟುಗೋಲಾಯಿತು, ಅರ್ಲ್ ಸಮುದ್ರ ದಾಟಿ ಪಲಾಯನಗೈದ. 1719ರಲ್ಲಿ ಸ್ಪೇನಿನ ಕೆಲವು ನೂರು ಸೈನಿಕರೊಡನೆ ಮತ್ತೆ ಬಂದ. ಆ ಬೇಸಗೆಯಲ್ಲಿ ಐಲೀನ್ ಡೋನನ್ ಎಂಬ ಅವನ ಮನೆತನದ ಕೋಟೆಯನ್ನು ಸರಕಾರದ ಹಡಗುಗಳವರು ಸಿಡಿಸಿ ಹಾಕಿದರು. ಜೂನ್ 10ರಂದು ಗ್ಲೆನ್‌ಶೀಲ್ ಕಣಿವೆಯಲ್ಲಿ ಅರ್ಲ್ ತೀವ್ರವಾಗಿ ಗಾಯಗೊಂಡು ಮತ್ತೆ ದೇಶಾಂತರಿಯಾದ.

ಈ ಕಾಲದ ಒಂದು ಸಂಗತಿ ಸ್ಮರಣೀಯವಾದುದು. ಅವನ ಭೂಮಿ ಸರಕಾರದ ವಶವಾಗಿದ್ದರೂ ಒಕ್ಕಲುಗಳು ಗೇಣಿಯನ್ನು ಸರಕಾರಕ್ಕೆ ತೆರಲಿಲ್ಲ. ಡೊನಾಲ್ಡ್ ಮರ್ಚಿಸನ್ ಎಂಬ ನಿಷ್ಠಾವಂತ ಮೇಲ್ವಿಚಾರಕನು ಅದನ್ನು ಸಂಗ್ರಹಿಸಿ ಪರದೇಶದಲ್ಲಿದ್ದ ಒಡೆಯನಿಗೆ ಮುಟ್ಟಿಸುತ್ತಿದ್ದ. ದಾಯಾದಿ ಕಲಹದಲ್ಲಿ ಊರು ಬಿಟ್ಟ ಬಲ್ಲಾಳನಿಗೆ ಗುಟ್ಟಾಗಿ ಅಕ್ಕಿಮುಡಿ ಕಳುಹಿಸುವ ಒಕ್ಕಲನ್ನು ನೆನೆಸಿಕೊಂಡರೆ, ಕರಾವಳಿಯ ಓದುಗರಿಗೆ ಈ ನಿಷ್ಠೆಯ ಬಗೆ ಅರ್ಥವಾದೀತು. 1726ರಲ್ಲಿ ಅರ್ಲನಿಗೆ ಕ್ಷಮೆ ದೊರೆಯಿತು; ಪದವಿ ದೊರೆಯಲಿಲ್ಲ.

1745ರಲ್ಲಿ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟೂಅರ್ಟನು ಮತ್ತೊಮ್ಮೆ ಬಾವುಟವೆತ್ತಿದಾಗ, ವಿಲಿಯಮನ ಮಗ ಕೆನೆತ್ ಸರಕಾರದ ಪಕ್ಷದಲ್ಲಿ ನಿಂತ. ತಂದೆ ಕಳೆದುಕೊಂಡುದನ್ನು ಮಗ ಕಂಡಿದ್ದನಷ್ಟೆ. ಆದರೆ ಅವನ ಮಡದಿಯು ರಾಜಕುಮಾರನಿಗಾಗಿ ಜನ ಕೂಡಿಸಿಕೊಟ್ಟಳೆಂದು ಪ್ರತೀತಿ. ಗಂಡ ಒಂದು ದಿಕ್ಕು, ಹೆಂಡತಿ ಒಂದು ದಿಕ್ಕು! ಯಾವ ಪಕ್ಷ ಗೆದ್ದರೂ ಮನೆಯ ದೀಪ ಆರದಿರಲಿ ಎಂಬ ಜಾಣತನವೋ, ನಿಜವಾದ ಮನೋಭೇದವೋ, ಹೇಳುವುದು ಸುಲಭವಲ್ಲ. ಅಂತಃಕಲಹವು ರಣರಂಗಕ್ಕೆ ಬರುವ ಮುನ್ನ ಅಡುಗೆಮನೆಯನ್ನು ಹೊಕ್ಕಿರುತ್ತದೆ.

ಅವರ ಮಗ, ಎರಡನೆಯ ಕೆನೆತ್, ಸರಕಾರಕ್ಕೆ ತೋರಿದ ನಿಷ್ಠೆಯ ಫಲವಾಗಿ 1771ರಲ್ಲಿ ಐರ್ಲೆಂಡಿನ ಕುಲೀನ ಶ್ರೇಣಿಯಲ್ಲಿ ಸೀಫೋರ್ತಿನ ಅರ್ಲ್ ಆದ. ಋಣ ತೀರಿಸಬೇಕಲ್ಲ! 1778ರಲ್ಲಿ ತನ್ನ ಒಕ್ಕಲು ಮಕ್ಕಳನ್ನೇ ಕೂಡಿಸಿ ಒಂದು ಪಡೆಯನ್ನು ದೊರೆಗೆ ಒಪ್ಪಿಸಿದ. ಆದರೆ ತಮ್ಮನ್ನು ಈಸ್ಟ್ ಇಂಡಿಯಾ ಕಂಪನಿಗೆ ಮಾರಲಾಗಿದೆ ಎಂಬ ಸುದ್ದಿ ಆ ಸೈನಿಕರ ಕಿವಿಗೆ ಬಿತ್ತು, ಸಂಬಳವೂ ಬಾಕಿಯಿತ್ತು. ಎಡಿನ್‌ಬರೋ ನಗರದ ಪಕ್ಕದ ಆರ್ಥರ್ಸ್ ಸೀಟ್ ಗುಡ್ಡವನ್ನೇರಿ ಹಲವು ದಿನ ಬಂಡೆದ್ದು ಕುಳಿತರು. ಬಾಕಿ ಸಂದಾಯವಾಗಿ, ಕ್ಷಮೆಯ ಮಾತು ದೊರೆತ ಮೇಲೆ ಇಳಿದು ಬಂದರು. ಮೂರು ವರುಷ ಕಳೆಯುವ ಮೊದಲೇ, 1781ರಲ್ಲಿ, ಅವರನ್ನು ಹಡಗು ಹತ್ತಿಸಿ ಕಳುಹಿಸಿದ್ದು ಭಾರತಕ್ಕೇ.

ಅರ್ಲನೂ ಜೊತೆಗೆ ಹೊರಟಿದ್ದ. ಆಗಸ್ಟ್ ತಿಂಗಳಲ್ಲಿ ನಡುಗಡಲಲ್ಲಿ ತೀರಿಕೊಂಡ. ತಾಜಾ ಆಹಾರವಿಲ್ಲದೆ ಬರುವ ರಕ್ತಪಿತ್ತ ರೋಗಕ್ಕೆ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರು. 1782ರ ಏಪ್ರಿಲಿನಲ್ಲಿ ಮದರಾಸಿನಲ್ಲಿ ಇಳಿದಾಗ, ಸುಮಾರು 1,100 ಜನರ ಆ ಪಡೆಯಲ್ಲಿ ಆಯುಧ ಹಿಡಿಯುವ ಶಕ್ತಿ ಉಳಿದಿದ್ದವರು ನಾನೂರಕ್ಕೂ ಕಡಿಮೆ.

ಅರ್ಲನಿಗೆ ಗಂಡು ಸಂತಾನವಿರಲಿಲ್ಲ. ಸಾಲದ ಹೊರೆಯಿಂದ 1779ರಲ್ಲೇ ತನ್ನ ಜಮೀನನ್ನು ದಾಯಾದಿಯಾದ ಹಂಬರ್‌ಸ್ಟನ್ನನಿಗೆ ಮಾರಿದ್ದ. ಈ ತರುಣ ಬೇರೊಂದು ಪಡೆಯೊಡನೆ 1782ರಲ್ಲಿ ಕಲ್ಲಿಕೋಟೆಯ ತೀರದಲ್ಲಿ ಇಳಿದು ಹೈದರನ ಸೈನ್ಯದೊಡನೆ ಕಾದಿದ. ಡಿಸೆಂಬರ್ 7ರಂದು ಹೈದರಾಲಿ ತೀರಿಕೊಂಡ. ಮಲಬಾರಿನಲ್ಲಿದ್ದ ಟಿಪ್ಪು ಪಟ್ಟವನ್ನು ಭದ್ರಪಡಿಸಿಕೊಳ್ಳಲು ಧಾವಿಸಿದ. ಆ ಸಂದಿಯಲ್ಲೇ ಮ್ಯಾಥ್ಯೂಸನು ನಮ್ಮ ಕರಾವಳಿಗೆ ಇಳಿದದ್ದು.

ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿಗಳ ಮಾರ್ಗವಾಗಿ ಘಟ್ಟವೇರಿದರೆ ನಗರ, ಎಂದರೆ ಕೆಳದಿಯ ಅರಸರ ಹಳೆಯ ಬಿದನೂರು. ಹೊಸಂಗಡಿಯ ಘಟ್ಟದ ಉದ್ದಕ್ಕೂ ಕಟ್ಟಿದ್ದ ಕಾವಲು ಬುರುಜುಗಳನ್ನು ಸ್ಕಾಟ್ ಸೈನಿಕರು ಬಂದೂಕದ ತುದಿಯ ಭರ್ಚಿಗಳಿಂದಲೇ ಹಿಡಿದರು. ಅವರ ಮುಂದಾಳು ಸ್ಕೈ ದ್ವೀಪದ ಕುಲಪತಿ ನಾರ್ಮನ್ ಮೆಕ್‌ಲಿಯಡ್. 1745ರಲ್ಲಿ ಇವನ ಅಜ್ಜ ಸರಕಾರದ ಕಡೆ ನಿಂತರೆ, ಅದೇ ಕುಲದ ರಾಸೇ ಶಾಖೆಯವರು ರಾಜಕುಮಾರನ ಕಡೆ ನಿಂತಿದ್ದರು. ಇತ್ತ ನಗರದ ಅಧಿಕಾರಿ ಆಯಾಜ್, ಹೈದರನು ಮಗನಂತೆ ಸಾಕಿದವನು. ಟಿಪ್ಪುವಿಗೂ ಅವನಿಗೂ ಬದ್ಧ ವೈಮನಸ್ಯ. ಹೈದರನಿಲ್ಲದ ಮನೆಯಲ್ಲಿ ತನಗೆ ಉಳಿವಿಲ್ಲವೆಂದು ಬಗೆದು ಜನವರಿಯ ಕೊನೆಯಲ್ಲಿ ಆತ ಕೋಟೆಯನ್ನು ಒಪ್ಪಿಸಿಬಿಟ್ಟ. ಒಂದು ನಾಡಿನ ಮನೆಜಗಳದಿಂದ ಬಂದ ಸೈನಿಕರಿಗೆ ಇನ್ನೊಂದು ನಾಡಿನ ಮನೆಜಗಳ ಬಾಗಿಲು ತೆರೆಯಿತು.

ಗೆಲುವು ಬಹುಕಾಲ ನಿಲ್ಲಲಿಲ್ಲ. ನಗರದ ಐಶ್ವರ್ಯದ ಹಂಚಿಕೆಯಲ್ಲಿ ಮ್ಯಾಥ್ಯೂಸನಿಗೂ ಅಧಿಕಾರಿಗಳಿಗೂ ಮನಸ್ತಾಪ ಬೆಳೆದು, ಮೆಕ್‌ಲಿಯಡ್, ಹಂಬರ್‌ಸ್ಟನ್ ಮತ್ತು ಷಾ ಎಂಬ ಮೂವರು ದೂರು ಹೊತ್ತು ಮುಂಬಯಿಗೆ ಹೋದರು. ದೂರು ಫಲಿಸಿ, ಮೆಕ್‌ಲಿಯಡನೇ ಸೇನಾಪತಿಯಾಗಿ ‘ರೇಂಜರ್’ ಎಂಬ ಹಡಗಿನಲ್ಲಿ ಮರಳುವಾಗ, 1783ರ ಏಪ್ರಿಲಿನಲ್ಲಿ, ಮರಾಠರ ನೌಕಾಪಡೆ ಎರಗಿತು. ಕಂಪನಿಗೂ ಮರಾಠರಿಗೂ ಅಷ್ಟರಲ್ಲಿ ಸಂಧಿಯಾಗಿತ್ತು. ಆದರೂ ಗುಂಡುಗಳು ಹಾರಿದವು. ಹಂಬರ್‌ಸ್ಟನ್ ಗಾಯಗೊಂಡು ಏಪ್ರಿಲ್ 30ರಂದು ಘೇರಿಯಾದಲ್ಲಿ, ಎಂದರೆ ವಿಜಯದುರ್ಗದಲ್ಲಿ, ಅಸುನೀಗಿದ. ಆ ಹೊತ್ತಿಗೆ ಟಿಪ್ಪು ನಗರವನ್ನು ಮರಳಿ ಪಡೆಯುವುದರಲ್ಲಿದ್ದ. ಮ್ಯಾಥ್ಯೂಸ್ ಸೆರೆಯಾಗಿ ಆ ವರುಷವೇ ಮಡಿದ.

ಯಜಮಾನಿಕೆ ತಮ್ಮನಾದ ಫ್ರಾನ್ಸಿಸನಿಗೆ ಬಂತು. ಬಾಲ್ಯದ ರೋಗದಿಂದ ಕಿವುಡನಾದವನು. ಆದರೂ ಹೊಸ ಪಡೆ ಕಟ್ಟಿ, ಬಾರ್ಬಡೋಸಿನ ಗವರ್ನರನೂ ಆದ. 1797ರಲ್ಲಿ ಬ್ರಿಟನ್ನಿನ ಲಾರ್ಡ್ ಪದವಿಯೂ ಮನೆಗೆ ಬಂತು. ಆದರೆ ನಾಲ್ವರು ಗಂಡುಮಕ್ಕಳನ್ನೂ ಮಣ್ಣಿಗೊಪ್ಪಿಸಿ 1815ರಲ್ಲಿ ಕಣ್ಮುಚ್ಚಿದ. ಅಷ್ಟು ಜೀವ ತೆತ್ತು ಗಳಿಸಿದ ಪದವಿ ಅವನೊಡನೆಯೇ ಅಳಿಯಿತು. ಹಿರಿಯ ಮಗಳು ಮೇರಿಯ ಗಂಡ, ನೌಕಾಪತಿ ಸರ್ ಸ್ಯಾಮ್ಯುಯಲ್ ಹುಡ್, ಕೆಲವೇ ವಾರಗಳ ಮೊದಲು, 1814ರ ಡಿಸೆಂಬರಿನಲ್ಲಿ, ಮದರಾಸಿನಲ್ಲಿ ತೀರಿಕೊಂಡಿದ್ದ. ಆಕೆ ವಿಧವೆಯಾಗಿ ತವರಿನ ಆಸ್ತಿಗೆ ಒಡತಿಯಾದಳು.

ಇದೇ ಮನೆತನದ ಆಶ್ರಯದಲ್ಲಿ ಬೆಳೆದ ಇನ್ನೊಬ್ಬ ಮೆಕೆಂಜಿಯೂ 1783ರಲ್ಲೇ ಭಾರತಕ್ಕೆ ಬಂದ. ಲೂಯಿಸ್ ದ್ವೀಪದ ಸ್ಟಾರ್ನೋವೇ ಊರಿನ ಕಾಲಿನ್ ಮೆಕೆಂಜಿ. ಮೈಸೂರು ಸೀಮೆಯನ್ನು ಅಳೆದು, ಕೈಫಿಯತ್ತುಗಳನ್ನೂ ಶಾಸನಗಳ ಪ್ರತಿಗಳನ್ನೂ ಕೂಡಿಸಿದವನು ಇವನೇ. ಸೀಫೋರ್ತ್ ಕುಲದ ಹೆಸರಿನಲ್ಲಿ ಕನ್ನಡ ನಾಡಿಗೆ ಉಪಕಾರವಾದುದು ಈ ಒಂದು ಕೆಲಸದಿಂದ ಮಾತ್ರ.

ಉಪ್ಪುಂದದ ದಂಡೆಯಲ್ಲಿ ಇಂದು ಈ ಯಾವುದರ ಗುರುತೂ ಕಾಣುವುದಿಲ್ಲ. ಸಂಜೆ ದೋಣಿಗಳು ಮರಳುತ್ತವೆ. ಬುಟ್ಟಿ ಹೊತ್ತ ಹೆಂಗಸರು ಮಾತಾಡುತ್ತ ಊರ ಕಡೆ ಹೆಜ್ಜೆಯಿಡುತ್ತಾರೆ. ಗುಡ್ಡವನ್ನೇರಿ ‘ಹೋಗೆವು’ ಎಂದ ಸ್ಕಾಟ್ ರೈತರೂ ಇಂಥದೇ ಕಡಲೋರದ ಹಳ್ಳಿಗಳವರು. ಒಡೆಯರ ಪದವಿಗಾಗಿ ಅವರು ಪ್ರಾಣ ತೆತ್ತರು. ಅವರ ಹೆಸರುಗಳು ಯಾವ ಕಲ್ಲಿನ ಮೇಲೂ ಈ ಕರಾವಳಿಯಲ್ಲಿ ಕೆತ್ತಿಲ್ಲ. ಘಟ್ಟದ ದಾರಿಯಲ್ಲಿ ಸ್ಕಾಟ್ ಸೈನಿಕರಿಗೆ ಎದುರಾಗಿ ಬಿದ್ದ ನಮ್ಮವರದೂ ಅಷ್ಟೇ.